ಮಲ್ಲಿಗೆ ಕುಂಡಕ್ಕೆ ಬಿದ್ದ ಗುಳಿಗೆಗಳು

ಇಪ್ಪತ್ತಾರು ವರ್ಷ ಹೂಲಿಯ ಶಾಲೆಯಲ್ಲಿ ಮಕ್ಕಳ ಸುಳ್ಳು ಹಿಡಿದವಳು ನಾನು. ಹೋಂವರ್ಕ್ ಪುಸ್ತಕವನ್ನು ಎಮ್ಮೆ ತಿಂದಿತು ಎಂದವನ ಮನೆಯಲ್ಲಿ ಎಮ್ಮೆಯೇ ಇಲ್ಲವೆಂಬುದು ನನಗೆ ಗೊತ್ತಿರುತ್ತದೆ. ಇಷ್ಟು ಅನುಭವವಿರುವಾಗ ಸ್ವಂತಕ್ಕೊಂದು ಸುಳ್ಳು ಹೇಳುವುದು ಏನು ಮಹಾ ಎಂದುಕೊಂಡದ್ದೇ ತಪ್ಪಾಯಿತು.

ಎರಡು ವರ್ಷದ ಹಿಂದೆ ಎದೆನೋವು ಬಂದು, ಬೆಳಗಾವಿಯಲ್ಲಿ ನನ್ನ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ನಾಳ ತೆರೆದಿದ್ದೇವೆ, ಬಹಳ ಕಾಲ ಬಾಳಬೇಕಾದರೆ ಬಿಪಿ ಗುಳಿಗೆ ಬಿಡಬೇಡಿ ಎಂದು ಹೇಳಿ ಕಳಿಸಿದರು. ವಿಧೇಯಳಾಗಿ ನುಂಗಿದೆ. ಸವದತ್ತಿಯ ನಮ್ಮ ಡಾಕ್ಟರು ನೋಡಿದಾಗಲೆಲ್ಲ ಬಿಪಿ ಸರಿಯಾಗಿಯೇ ಬಂತು. ಉತ್ತರ ಸರಿ ಬಂದ ಮೇಲೂ ಅದೇ ಲೆಕ್ಕವನ್ನು ಮತ್ತೆ ಮತ್ತೆ ಬಿಡಿಸುವುದೇಕೆ ಎನಿಸಿತು. ಆದರೆ ನಮ್ಮ ಯಜಮಾನರು ದಿನವೂ ಗುಳಿಗೆಯ ಸ್ಟ್ರಿಪ್ ಎತ್ತಿ ನೋಡುತ್ತಾರೆ. ಹಾಗಾಗಿ ಗುಳಿಗೆಯನ್ನು ಬಾಯಿಯ ಬದಲು ಹಿತ್ತಲಿನ ಮಲ್ಲಿಗೆ ಕುಂಡಕ್ಕೆ ಹಾಕತೊಡಗಿದೆ.

ಎರಡು ತಿಂಗಳ ನಂತರ ಬಿಪಿ ಯಂತ್ರದ ಮುಳ್ಳಿನ ಜೊತೆ ಡಾಕ್ಟರ ಹುಬ್ಬೂ ಮೇಲೇರಿತು. ಗುಳಿಗೆ ತಪ್ಪಿಸಿದ್ದೀರಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು, ಒಂದು ದಿನವೂ ತಪ್ಪಿಲ್ಲವೆಂದು ಎದೆ ತಟ್ಟಿಕೊಂಡು ಸಾಕ್ಷಿ ಹೇಳಿದರು. ಹಾಗಾದರೆ ಇನ್ನೊಂದು ಗುಳಿಗೆ ಸೇರಿಸಬೇಕು ಎಂದು ಡಾಕ್ಟರು ಬರೆದುಕೊಟ್ಟರು.

ಹೊರಬಿದ್ದ ಯಜಮಾನರು ನೆಟ್ಟಗೆ ಔಷಧಿ ಅಂಗಡಿಗೆ ನಡೆದರು. ಯಾರೊಂದಿಗೂ ಜಗಳವಾಡಿ ಗೊತ್ತಿಲ್ಲದ ಮನುಷ್ಯ, ಅಂಗಡಿಯ ಬಸಪ್ಪಣ್ಣನಿಗೆ, "ಖೊಟ್ಟಿ ಗುಳಿಗಿ ಕೊಟ್ಟು ನಮ್ಮ ಮನಿಯಾಕಿ ಜೀವಾ ತಗೀಬೇಕಂತ ಮಾಡೀರೇನ್ರಿ?" ಎಂದರು. ಬಸಪ್ಪಣ್ಣ ಗಾಬರಿಯಾಗಿ ಡಬ್ಬಿಗಳನ್ನೆಲ್ಲ ತೆಗೆದು ಹರಡಿದ. ಗಿರಾಕಿಗಳು ನೆರೆದರು. ಅವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿನಿಯರು.

"ಗುಳಿಗಿ ಛಲೋನ ಅದಾವ್ರಿ," ಎಂದೆ. "ನಾನ ನುಂಗಿಲ್ಲ. ಮಲ್ಲಿಗಿ ಕುಂಡದಾಗ ಹಾಕೇನಿ."

ಬಸಪ್ಪಣ್ಣ ಉಸಿರು ಬಿಟ್ಟು, "ಹಂಗಾರ ಅಕ್ಕೋರ, ಮಲ್ಲಿಗಿ ಬಿಪಿ ನಾರ್ಮಲ್ ಇರಬೇಕ ಬಿಡ್ರಿ" ಎಂದ. ಎಲ್ಲರೂ ನಕ್ಕರು, ಯಜಮಾನರೊಬ್ಬರನ್ನು ಬಿಟ್ಟು.

ಮತ್ತೆ ಡಾಕ್ಟರಲ್ಲಿಗೆ ಹೋದೆವು. ಬಿಪಿ ಸರಿ ಬರುತ್ತಿದ್ದದ್ದೇ ಗುಳಿಗೆಯಿಂದ ಎಂದು ಅವರು ಮಗುವಿಗೆ ಹೇಳುವಂತೆ ಹೇಳಿ, ಚೀಟಿಯಲ್ಲಿ ಹೊಸ ಗುಳಿಗೆಯ ಹೆಸರು ಹೊಡೆದುಹಾಕಿ ಹಳೆಯದನ್ನೇ ಮುಂದುವರಿಸಿದರು. ಒಂದು ತಿಂಗಳಲ್ಲಿ ಮುಳ್ಳು ಕೆಳಗಿಳಿಯಿತು.

ಕುಂಡದ ಗುಟ್ಟು ಬಯಲಾದ ದಿನ ಮನೆ ತಲುಪಿ ಯಜಮಾನರು ಚಪ್ಪಲಿ ಬಿಡುತ್ತ, "ನಾ ಎಷ್ಟ ಅಂಜಿದ್ದೆ ಗೊತ್ತೈತೇನು ನಿನಗ?" ಎಂದರು, ಅಷ್ಟೇ. ಮರುದಿನದಿಂದ ಗುಳಿಗೆ ನುಂಗಿದ ಮೇಲೆ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸುವುದು ನನ್ನ ಪಾಲಿಗೆ ಬಂತು. ಮೊನ್ನೆ ಅವರೇ, ಇನ್ನು ತೋರಿಸುವುದು ಬೇಡ, ನಂಬಿಕೆ ಬಂದಿದೆ ಎಂದು ಬಿಡುಗಡೆ ಕೊಟ್ಟರು. ಇಂದು ಬೆಳಿಗ್ಗೆ ಗುಳಿಗೆ ನುಂಗಿದವಳು, ಪತ್ರಿಕೆ ಓದುತ್ತಿದ್ದ ಅವರೆದುರು ಹೋಗಿ ಸುಮ್ಮನೆ ಬಾಯಿ ತೆರೆದು ನಿಂತೆ. ಅವರು ಶಭಾಷ್ ಎನ್ನುವವರೆಗೂ ಮುಚ್ಚಲಿಲ್ಲ.