ದೇವಿರಮ್ಮ ಗದರಿದ್ದರಿಂದ ರದ್ದಾದ ಕಾಡು

ಮಳವಳ್ಳಿ, ನವೆಂಬರ್ 1946

ಇಂಗ್ಲೆಂಡ್–ಮೈಸೂರು ಸ್ವಯಂಬೆಳೆ ಕಾಡುಗಳ ತುಲನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಮಗೆ ನಮ್ಮ ಕೇರಿಯವರೆಲ್ಲರ ಸಲಾಮು ಮತ್ತು ನಮಸ್ಕಾರಗಳು. ತಮ್ಮ ಮೋಟಾರು ಎಬ್ಬಿಸಿದ ಧೂಳನ್ನು ನಾವು ಆಶೀರ್ವಾದವೆಂದೇ ತಲೆಯ ಮೇಲೆ ಹೊತ್ತಿದ್ದೇವೆ.

1938ರಲ್ಲಿ ತಾವು ನಮ್ಮ ಕೇರಿಯ ಹಿಂದಿನ ಬೋಳು ದಿಣ್ಣೆಯಲ್ಲಿ ಎರಡು ಎಕರೆ ಅಳೆದು, ಇಂಗ್ಲೆಂಡಿನಲ್ಲೂ ಅಷ್ಟೇ ನೆಲ ಅಳೆಸಿ, ಯಾರೂ ನೆಡದೆ, ಯಾರೂ ನೀರೆರೆಯದೆ, ಎಂಟು ವರ್ಷದಲ್ಲಿ ಯಾವ ದೇಶದ ಕಾಡು ತಾನಾಗಿ ಹೆಚ್ಚು ಬೆಳೆಯುವುದೋ ನೋಡೋಣವೆಂದು ಪಂದ್ಯ ಹೂಡಿದಿರಿ. ಮುಳ್ಳುತಂತಿ ಬಿಗಿದು, 'ಮುಟ್ಟಕೂಡದು' ಎಂದು ಬೋರ್ಡು ನೆಟ್ಟು, ನಮ್ಮ ಕೇರಿಯ ಕರಿಯಪ್ಪನನ್ನು ಕಾವಲಿಗಿಟ್ಟು ಹೋದಿರಿ. ಮರುವರ್ಷ ಯುದ್ಧ ಬಂತು. ತಂತಿಯನ್ನು ಯುದ್ಧಕ್ಕೆಂದು ಬಿಚ್ಚಿಕೊಂಡು ಹೋದರು, ಕರಿಯಪ್ಪ ಜ್ವರದಲ್ಲಿ ತೀರಿಕೊಂಡ, ತಾವು ನಮ್ಮನ್ನು ಮರೆತಿರಿ.

ಮರೆಯದವಳು ಅವನ ಹೆಂಡತಿ ದೇವಿರಮ್ಮ. ಸಾಯುವ ಮುಂಚೆ ಅವನು "ಒಳಕ್ಕೆ ಆಡ್ ಬುಡ್‌ಬ್ಯಾಡ ಕಣಮ್ಮಿ" ಎಂದಿದ್ದನಂತೆ. ಅವಳಿಗೆ ಸಿಕ್ಕ ನೇಮಕಾತಿ ಪತ್ರ ಅಷ್ಟೇ. ಏಳು ವರ್ಷ ಆಕೆ ಕೋಲು ಹಿಡಿದು ದಿಣ್ಣೆ ಕಾದಳು. ನನ್ನ ಎರಡು ಆಡುಗಳು ಒಮ್ಮೆ ಒಳಗೆ ನುಗ್ಗಿದಾಗ, "ಯಾಕ್ಲಾ ಪಾಸಾ, ನಿನ್ನ ಆಡಿಗೆ ಓದಕ್ ಬರಾಕಿಲ್ವಾ? ಬೋಲ್ಡು ಕಾಣಾಕಿಲ್ವಾ?" ಎಂದು ಬೀದಿಯೆಲ್ಲ ಕೇಳುವಂತೆ ಗದರಿದಳು. ಓದಲು ಬಾರದಿರುವುದು ಆಡುಗಳಿಗಷ್ಟೇ ಅಲ್ಲ, ಆಕೆಗೂ.

ಕಳೆದ ತಿಂಗಳು ತಾವು ಮರಳಿ ಬಂದು, ಹೊಂಗೆ, ಬೇವು, ಕಗ್ಗಲಿ ಎಂದು ಸಾವಿರದ ಮುನ್ನೂರು ಗಿಡಮರ ಎಣಿಸಿದಿರಿ. ಇಂಗ್ಲೆಂಡಿನ ಕಾಡನ್ನು ಯುದ್ಧಕ್ಕೆ ಕಡಿದು ಹನ್ನೊಂದು ಸಸಿ ಉಳಿದಿವೆಯೆಂಬ ಕಾಗದ ತಮ್ಮ ಕೈಯಲ್ಲೇ ಇತ್ತು. ತಾವು ಟೋಪಿ ಮೇಲಕ್ಕೆಸೆದು "ಮೈಸೂರು ಗೆದ್ದಿತು!" ಎಂದು ಕುಣಿದಿರಿ, ನಾವೂ ಕುಣಿದೆವು. ಆ ಸಂಭ್ರಮದಲ್ಲಿ ನಾನೇ, ನನ್ನ ಈ ಹಾಳು ಬಾಯಿಂದಲೇ, "ಎಲ್ಲಾ ದೇವಿರಮ್ಮನ ದಯೆ ಸ್ವಾಮಿ, ಒಂದು ಆಡನ್ನೂ ಬಿಡಲಿಲ್ಲ" ಎಂದುಬಿಟ್ಟೆ. ತಮ್ಮ ಮುಖ ಬಾಡಿತು. ಸಮಿತಿ ನೇಮಿಸದ ಮನುಷ್ಯರು ಕೈಹಾಕಿದ್ದರಿಂದ ಇದು ತಾನಾಗಿ ಬೆಳೆದ ಕಾಡಲ್ಲವೆಂದೂ, ಬುಡಸಮೇತ ಕಡಿದು ಇಂಗ್ಲೆಂಡಿನೊಂದಿಗೆ ಹೊಸದಾಗಿ ಶುರುಮಾಡತಕ್ಕದ್ದೆಂದೂ ಅಪ್ಪಣೆಯಾಯಿತು. ಎಂಥ ನ್ಯಾಯನಿಷ್ಠೆ! ಆ ವಾರ ನನಗೆ ಅನ್ನ ಸೇರಲಿಲ್ಲ.

ಕಡಿಯುವ ದಿನ ಮದ್ದೂರಿನಿಂದ ಮರ ಕಡಿಸುವ ಮೇಸ್ತ್ರಿ ನಿಂಗಯ್ಯ ಮೂವರು ಕೊಡಲಿಯವರೊಡನೆ ಬಂದ. ದೇವಿರಮ್ಮ ಅಳಲಿಲ್ಲ, ಕಾಲಿಗೆ ಬೀಳಲಿಲ್ಲ. "ನಾನ್ ನೆಟ್ಟಿರೋ ಮರ ಯಾವ್ದು ತೋರ್ಸಿ ಬುದ್ಧಿ, ಅದೊಂದ್ನ ಕಡೀಲಿ. ಮಿಕ್ಕಿದ್ದೆಲ್ಲಾ ತಾನೇ ಉಟ್ಟಿರಾದು" ಎಂದಳು. ತಾವು ಮರದಿಂದ ಮರಕ್ಕೆ ಹೋಗಿ ಬೇರು ನೋಡಿದಿರಿ, ಎಲೆ ಮೂಸಿದಿರಿ, ಒಂದು ಬೇವಿನ ಮುಂದೆ ಬಹಳ ಹೊತ್ತು ನಿಂತಿರಿ. ನಿಂಗಯ್ಯ ಕೊಡಲಿ ಕೆಳಗಿಟ್ಟು, "ಬೊಡ್ಡೆ ಮ್ಯಾಲೆ ಎಸ್ರು ಬರ್ದಿರಾಕಿಲ್ಲ ಸ್ವಾಮಿ" ಎಂದು ಬೀಡಿ ಹಚ್ಚಿದ. ಮಧ್ಯಾಹ್ನ ತಾವು ಅಪ್ಪಣೆಯನ್ನು ಜೇಬಿನಲ್ಲೇ ಇಟ್ಟುಕೊಂಡು ಮೋಟಾರು ಹತ್ತಿದಿರಿ.

ಆದಕಾರಣ ನಮ್ಮ ವಿನಮ್ರ ಬೇಡಿಕೆ: ಬೇವಿನ ಬೀಜ ಉದುರಿಸಿದ ಕಾಗೆಗಳಿಗೂ, ಅನುಮತಿಯಿಲ್ಲದೆ ಸುರಿದ ಮಳೆಗೂ ನೋಟೀಸು ಕೊಟ್ಟು ವಿಚಾರಿಸಬೇಕು. ಇಂಗ್ಲೆಂಡಿಗೂ ಬಾಯಿ ಜೋರಿರುವ ಹೆಂಗಸೊಬ್ಬಳನ್ನು ಕೋಲಿನ ಸಮೇತ ನೇಮಿಸಬೇಕು. ಇವೆರಡೂ ಕಷ್ಟವಾದರೆ, ಜೇಬಿನಲ್ಲಿರುವ ಅಪ್ಪಣೆಯನ್ನು ಹರಿದುಹಾಕಬೇಕು. ದೇವಿರಮ್ಮ ತನಗಾಗಿ ಏನನ್ನೂ ಕೇಳಿಲ್ಲ. ಆದರೆ ಯಾವ ಮೋಟಾರಿನ ಸದ್ದಾದರೂ ಉಣ್ಣುವ ತಟ್ಟೆ ಬಿಟ್ಟು ದಿಣ್ಣೆಗೆ ಓಡುತ್ತಾಳೆ. ಆಕೆ ಒಂದು ಹೊತ್ತಾದರೂ ಕೂತು ಉಣ್ಣಲಿ.

ತಮ್ಮ ಪಂದ್ಯ ಗೆದ್ದೂ ಸೋತ ಕೇರಿಯ ಪರವಾಗಿ,
ತಮ್ಮ ವಿಶ್ವಾಸಿ,
ನಯಾಜ್ ಪಾಷಾ, ದರ್ಜಿ

ಮರೆತ ಮಾತು: ಕಗ್ಗಲಿ ಮುಳ್ಳಿಗೆ ತಾವು ಬಿಟ್ಟುಹೋದ ಪ್ಯಾಂಟಿನ ಹಿಂಭಾಗ ನನ್ನ ಅಂಗಡಿಯಲ್ಲಿ ಜೋಪಾನವಾಗಿದೆ. ಹೊಲಿದುಕೊಡಬಲ್ಲೆ, ಆದರೆ ಅದು ತಾನಾಗಿಯೇ ಕೂಡಿಕೊಳ್ಳಲಿ ಎಂಬುದು ತಮ್ಮ ಶಾಸ್ತ್ರವಾದರೆ, ನಾನು ಮುಟ್ಟುವುದಿಲ್ಲ.