ಹಾಡಿನ ಡಬ್ಬಿ ಕಾಣಿಸ್ತಿಲ್ಲ

ಕಣ್ಣೆದುರಿಗೇ ಇರೋ ಸಾಮಾನನ್ನ ಹುಡುಕಿಕೊಡಿ ಅಂತ ನನಗೆ ವಾರಕ್ಕೊಂದು ಫೋನಾದ್ರೂ ಬರುತ್ತೆ.

ಚಿಂತಾಮಣಿಯಲ್ಲಿ ನಂದೊಂದು ಕಂಪ್ಯೂಟರ್ ಅಂಗಡಿ. ಬ್ರಾಡ್‌ಬ್ಯಾಂಡ್ ನಮ್ಮ ಕಡೆ ಕಾಲಿಟ್ಟ ಹುರುಪಲ್ಲಿ ಬೆಂಗಳೂರಿಂದ ಮೂರು ಹಾಡಿನ ಡಬ್ಬಿ ತಂದೆ. ಕಂಪ್ಯೂಟರಲ್ಲಿ ತುಂಬಿಟ್ಟಿರೋ ಹಾಡನ್ನ ಮೋಡೆಮ್ ಮೂಲಕ ಎಳ್ಕೊಂಡು ನಡುಮನೇಲಿ ಹಾಡೋ ಡಬ್ಬಿ. ಕಂಪ್ಯೂಟರ್ ಪರದೆ ಮೇಲೆ ಅದರ ಹೆಸರು ಕಾಣ್ತಿರೋವರೆಗೂ ಹಾಡುತ್ತೆ. ಹೆಸರು ಮಾಯ ಆಯ್ತೋ, ಹಾಡೂ ಮಾಯ. ಹೆಸರು ದಿನಾ ಮಾಯ ಆಗ್ತಿತ್ತು.

ಒಂದನ್ನ ಗೌರಿಬಿದನೂರಿಗೆ ಮಾರಿದೆ, ಒಂದನ್ನ ನಮ್ಮೂರಲ್ಲೇ, ಇನ್ನೊಂದನ್ನ ಶಿಡ್ಲಘಟ್ಟದ ಹತ್ರ ಜಂಗಮಕೋಟೆಗೆ. ಜಂಗಮಕೋಟೆಗೆ ಡಬ್ಬಿ ಕೂರಿಸೋಕೆ ಹೋದಾಗಲೇ ಆ ಮನೆ ಹುಡುಗೀನ ನೋಡಿದ್ದು. ನಮ್ಮಕ್ಕನ ಮಗನಿಗೆ ಒಳ್ಳೆ ಜೋಡಿ ಅನ್ನಿಸ್ತು. ಮಾತಾಡಿದೆ, ಅವರೂ ಒಪ್ಪಿದ್ರು. ಆದ್ರೆ ಅಕ್ಕ ಮೊದಲೇ ಹೇಳಿಟ್ಟಳು:

"ನೋಡೋ, ಹಿಂದಿನ ಸಂಬಂಧ ಕೈ ತೊಳೆಯೋಕೆ ನೀರು ಕೊಡಲಿಲ್ಲ ಅಂತ ಮುರಿದುಬಿತ್ತು. ಇದು ನಿನ್ನಿಂದ ಮುರೀತೋ, ನನ್ನ ಮಗನಿಗೆ ಇರೋವರೆಗೂ ನೀನೇ ಅಡುಗೆ ಮಾಡಿ ಹಾಕಬೇಕು."

ನನಗೆ ಕಾಫಿ ಕಾಯಿಸೋಕೂ ಬರಲ್ಲ.

ತವರಿನ ಬೀರು

ಗೌರಿಬಿದನೂರಿನ ಗಿರಾಕಿ ಕಾಳಿನ ವ್ಯಾಪಾರದ ಯಜಮಾನರು. "ಬೆಳಿಗ್ಗೆ ಹಾಡ್ತಿತ್ತು, ಈಗ ಡಬ್ಬಿ ಕಂಪ್ಯೂಟರಿಗೆ ಕಾಣಿಸ್ತಾನೇ ಇಲ್ಲ, ಬಂದ್ಬಿಡಿ" ಅಂದ್ರು. ಬಸ್ ಹತ್ತಿ ಹೋದೆ. ಡಬ್ಬಿ ಇತ್ತು, ಕಂಪ್ಯೂಟರ್ ಇತ್ತು, ಮೋಡೆಮ್ ಇರಲಿಲ್ಲ. ಫೋನಿನ ವೈರು ಮಾತ್ರ ಗೋಡೆ ಪಕ್ಕದಲ್ಲೇ ಹರ್ಕೊಂಡು ಮಲಗೋ ಕೋಣೆಗೆ ಹೋಗಿತ್ತು. ಅದರ ಹಿಂದೆ ನಾನೂ ಹೋದೆ. ವೈರು ಕಬ್ಬಿಣದ ಬೀರು ಹಿಂದೆ ಸೇರ್ಕೊಂಡಿತ್ತು.

"ಅಮ್ಮ, ಮೋಡೆಮ್ ಎಲ್ಲಿ?" ಅಂತ ಯಜಮಾನರ ಹೆಂಡತೀನ ಕೇಳಿದೆ.

"ಒಳಗೆ ಇಟ್ಟಿದ್ದೀನಿ ನಾಯನಾ. ನಮ್ಮ ತಂಗಿ ಮಕ್ಕಳು ಬಂದಿದ್ದಾರೆ, ಅವು ಏನನ್ನೂ ಉಳಿಸಲ್ಲ."

ಸೊಂಟದಿಂದ ಬೀಗದ ಕೈ ತೆಗೆದು ಬೀರು ತೆರೆದ್ರು. ರೇಷ್ಮೆ ಸೀರೆಗಳ ಮಧ್ಯೆ ಮೋಡೆಮ್ ಹಸಿರು ದೀಪ ಮಿಟುಕಿಸ್ತಾ ಬೆಚ್ಚಗೆ ಕೂತಿತ್ತು. ಹಿಂದಿನ ತಗಡಿಗೆ ವೈರಿಗೋಸ್ಕರ ತೂತು ಬೇರೆ ಹೊಡೆಸಿದ್ರು.

"ಇದು ಕಬ್ಬಿಣ ಅಮ್ಮ. ಒಳಗಿಂದ ವೈಫೈ ಈಚೆಗೆ ಬರಲ್ಲ" ಅಂದೆ.

ಆಕೆಗೆ ಒಂಚೂರೂ ಬೇಜಾರಾಗಲಿಲ್ಲ. ಯಜಮಾನರ ಕಡೆ ತಿರುಗಿ, "ಕೇಳಿಸ್ಕೊಂಡ್ರಾ? ನಮ್ಮಪ್ಪ ಕೊಟ್ಟ ಬೀರು ಬರೀ ತಗಡು ಅಂತ ಇಷ್ಟು ವರ್ಷ ಆಡ್ಕೊಂಡ್ರಲ್ಲ, ಗಾಳೀಲಿ ಹೋಗೋ ಹಾಡೇ ಈಚೆಗೆ ಬರಲ್ವಂತೆ" ಅಂದ್ರು.

ಪರ್ಮಿಷನ್ ಸಾಹೇಬರು

ನಮ್ಮೂರಿನ ಗಿರಾಕಿ ಸರ್ಕಾರಿ ಕಚೇರಿಯಿಂದ ರಿಟೈರ್ ಆದ ಸಾಹೇಬರು. ಅವರ ಮನೇಲಿ ಡಬ್ಬಿ ಒಂದು ದಿನವೂ ಕಾಣಿಸ್ಕೊಂಡಿರಲಿಲ್ಲ. ಪಕ್ಕದಲ್ಲೇ ಕೂತು, "ನನ್ನೆದುರಿಗೆ ಒಂದ್ಸಲ ಆನ್ ಮಾಡಿ ಸಾರ್" ಅಂದೆ. ಮಾಡಿದ್ರು. ಪರದೆ ಮೇಲೆ ಒಂದು ಚೌಕ ಬಂತು: ಹೊಸ ಸಾಧನ ಒಳಗೆ ಬರಬೇಕಂತೆ, ಅನುಮತಿ ಕೊಡ್ತೀರಾ? ಸಾಹೇಬರು ಕನ್ನಡಕ ಏರಿಸಿ ಪೂರ್ತಿ ಓದಿ, 'ಇಲ್ಲ' ಅಂತ ಒತ್ತಿದ್ರು.

"ಯಾಕ್ ಸಾರ್ ಇಲ್ಲ ಅಂದ್ರಿ?"

"ದಿನಾ ಬಂದು ಕೇಳುತ್ತಪ್ಪ. ನಾನೂ ದಿನಾ ಇಲ್ಲ ಅಂತೀನಿ."

"ಅದು ನಮ್ಮ ಡಬ್ಬೀನೇ ಸಾರ್, ಹೌದು ಅಂತ ಒತ್ತಿದ್ರೆ ಹಾಡುತ್ತೆ."

"ಕೇಳಿದ ತಕ್ಷಣ ಯಾರಾದ್ರೂ ಪರ್ಮಿಷನ್ ಕೊಡ್ತಾರೇನಪ್ಪ? ನನ್ನ ಸರ್ವೀಸಲ್ಲೇ ಕೊಟ್ಟಿಲ್ಲ." ಆಮೇಲೆ ಸ್ವಲ್ಪ ಮೆತ್ತಗಾದ್ರು. "ನಂದೂ ತಪ್ಪಿಲ್ಲ ನೋಡು. ಇದರಲ್ಲಿ ಹೌದು, ಇಲ್ಲ ಎರಡೇ ಇಟ್ಟಿದ್ದಾರೆ. 'ನಾಳೆ ಬಾ' ಅಂತ ಒತ್ತೋಕೆ ಜಾಗ ಎಲ್ಲಿದೆ?"

ನಿಂತ ಬೀಗರು

ಜಂಗಮಕೋಟೆಯಲ್ಲಿ ವೀಳ್ಯದ ಶಾಸ್ತ್ರಕ್ಕೆ ದಿನ ಗೊತ್ತಾಯ್ತು. ಮದುವೆ ಕಾಲ, ವಾಲಗದೋರು ಯಾರೂ ಸಿಗಲಿಲ್ಲ. ಹುಡುಗಿ ತಂದೆ ಪೇಚಾಡ್ತಿದ್ರು. "ವಾಲಗದೋರು ಯಾಕೆ? ಡಬ್ಬಿ ಇದೆಯಲ್ಲ, ಅದರಲ್ಲೇ ನುಡಿಸಣ" ಅಂದೆ.

ಶಾಸ್ತ್ರದ ದಿನ ಹೋದ ತಕ್ಷಣ ನನ್ನನ್ನ ನಡುಮನೆ ದಿವಾನದ ಮೇಲೆ ಕೂರಿಸಿದ್ರು. ಹುಡುಗಿ ಒಳಕೋಣೇಲಿ ಕಂಪ್ಯೂಟರ್ ಮುಂದೆ. ನಾವು ಬರೋವಾಗ ನುಡೀತಿದ್ದ ವಾಲಗ ನಿಂತೋಯ್ತು.

"ಡಬ್ಬಿ ಹೋಯ್ತು" ಅಂತ ಒಳಗಿಂದ ಹುಡುಗಿ ದನಿ.

ನೋಡಣ ಅಂತ ಎದ್ದೆ. "ಬಂತು" ಅಂದ್ಲು. ಹುಡುಗಿ ತಂದೆ ಓಡಿ ಬಂದು ನನ್ನ ಭುಜ ಹಿಡಿದು, "ಬೀಗರು ಯಾಕೆ ಏಳೋದು, ಕೂತ್ಕೊಳ್ಳಿ" ಅಂತ ಒತ್ತಿ ಕೂರಿಸಿದ್ರು.

"ಹೋಯ್ತು."

ಆಗ ನೆನಪಾಯ್ತು. ಈ ಮನೇಲಿ ವೈಫೈ ಸರಿಯಾಗಿ ಹಿಡೀದೆ ಮೋಡೆಮಿಂದ ಡಬ್ಬಿಗೆ ವೈರು ಹಾಕಿದ್ದೆ; ಕಣ್ಣಿಗೆ ಕಾಣದೇ ಇರಲಿ ಅಂತ ಅದನ್ನ ದಿವಾನದ ಹಾಸಿಗೆ ಕೆಳಗೇ ಎಳೆದಿದ್ದೆ. ಮಧ್ಯದಲ್ಲಿ ಒಂದು ಸಡಿಲ ಜೋಡಣೆ. ಅದರ ಮೇಲೇ ನಾನು.

"ಒಂದ್ನಿಮಿಷ ಬಗ್ಗಿ ವೈರು ನೋಡ್ತೀನಿ" ಅಂದೆ.

"ಬೀಗರು ಬಗ್ಗೋದಾ? ನಮ್ಮ ಮರ್ಯಾದೆ ಏನಾಗ್ಬೇಕು?"

ಡಬ್ಬಿ ಕೂರಿಸಿದ ದಿನ ಇದೇ ದಿವಾನದ ಕೆಳಗೆ ನಾನು ಮಕಾಡೆ ಮಲಗಿದ್ದಾಗ ಟಾರ್ಚ್ ಹಿಡಿದಿದ್ದು ಇದೇ ಮನುಷ್ಯ. ಆಗ ನಾನು ಅಂಗಡಿಯವನು.

"ಹೋಗ್ಲಿ, ಆ ಕುರ್ಚೀಲಿ ಕೂರ್ತೀನಿ."

"ಹುಡುಗನ ಸೋದರಮಾವ ಪ್ಲಾಸ್ಟಿಕ್ ಕುರ್ಚೀಲಾ?"

ನಿಮ್ಮ ದಿವಾನದಿಂದಲೇ ತೊಂದರೆ ಅಂತ ಹುಡುಗಿ ಮನೇಲಿ ಬಾಯಿಬಿಟ್ಟು ಹೇಳೋಕಾಗುತ್ತಾ? ಅದು ಕೈ ತೊಳೆಯೋಕೆ ನೀರು ಕೊಡಲಿಲ್ಲ ಅನ್ನೋದಕ್ಕಿಂತ ಹತ್ತು ಪಟ್ಟು ಅವಮಾನ. ಸುಮ್ಮನೆ ಕೂತೆ.

ಮುಹೂರ್ತ ಬಂತು. ಪುರೋಹಿತರು ತಾಂಬೂಲದ ತಟ್ಟೆ ಎತ್ತಿ "ವಾಲಗ" ಅಂದ್ರು. ನಾನು ಎದ್ದು ನಿಂತೆ. ವಾಲಗ ಶುರುವಾಯ್ತು. ಆದ್ರೆ ಬೀಗರು ಎದ್ದು ನಿಂತ್ರೆ ಹೊರಟ್ರು ಅಂತಲೇ ಅರ್ಥ.

ಹುಡುಗಿ ತಾತ, "ಕೂರ್ಚೋಂಡಿ, ಕೂರ್ಚೋಂಡಿ" ಅಂತ ತೆಲುಗಲ್ಲಿ ಬೇಡ್ಕೊಂಡ್ರು. ಹುಡುಗಿ ತಂದೆ ನನ್ನ ಕೈ ಹಿಡ್ಕೊಂಡ್ರು. "ಏನು ಲೋಪ ಆಯ್ತು ಹೇಳಿ. ಕಾಫಿ ಸರಿ ಇರಲಿಲ್ವಾ?"

"ಕಾಫಿ ಚೆನ್ನಾಗಿತ್ತು. ಹಿಂಗೇ ನಿಂತಿರ್ತೀನಿ ಬಿಡಿ."

"ಕೂತ್ಕೊಳೋ" ಅಂದ್ಲು ಅಕ್ಕ, ಹಲ್ಲು ಬಿಚ್ಚದೆ.

ಕೂತೆ. ವಾಲಗ ನಿಂತೋಯ್ತು. ಪುರೋಹಿತರ ತಟ್ಟೆ ಗಾಳೀಲೇ ನಿಂತುಬಿಡ್ತು. ಶಾಸ್ತ್ರದ ಮಧ್ಯೆ ವಾಲಗ ನಿಲ್ಲೋದಾ ಅಂತ ಹೆಂಗಸರು ಪಿಸಪಿಸ ಶುರು ಮಾಡಿದ್ರು. ನನ್ನ ಕಣ್ಣ ಮುಂದೆ ಅಡುಗೆಮನೆ ಬಂತು. ಅಕ್ಕನ ಮಗ ತಟ್ಟೆ ಹಿಡ್ಕೊಂಡು ಕೂತಿದ್ದಾನೆ, ನಾನು ಒಲೆ ಮುಂದೆ ಮುದ್ದೆ ತಿರುವ್ತಾ ಇದ್ದೀನಿ.

ಎದ್ದು ನಿಂತೆ. ಈ ಸಲ ಕೈ ಮುಗಿದು, ಕಣ್ಣು ಮುಚ್ಚಿ ನಿಂತೆ.

"ಮಂಗಳವಾದ್ಯ ಅಲ್ವಾ," ಅಂದೆ. "ನಮ್ಮ ಕಡೆ ಇದಕ್ಕೆ ನಿಂತ್ಕೊಳ್ಳೋ ಪದ್ಧತಿ."

ವಾಲಗ ನುಡೀತಾ ಇತ್ತು. ಮೊದಲು ಹುಡುಗಿ ತಂದೆ ಕೈ ಮುಗಿದು ನಿಂತ್ರು. ತಾತನ್ನ ಇಬ್ಬರು ಹಿಡಿದು ಎಬ್ಬಿಸಿದ್ರು. ಚಾಪೆ ಮೇಲಿದ್ದ ಹೆಂಗಸರೆಲ್ಲ ಎದ್ರು. ಅಕ್ಕನೂ ಎದ್ಲು, ಹುಟ್ಟಿದಾಗಿಂದ ಇದೇ ಪದ್ಧತಿ ಮಾಡ್ಕೊಂಡು ಬಂದೋಳ ಥರ. ಎಲ್ಲರೂ ನಿಂತಿರೋವಾಗಲೇ ತಾಂಬೂಲ ಬದಲಾಯ್ತು.

ಮದುವೆ ಆದ್ಮೇಲೆ ಆ ಹುಡುಗಿ ಕಾಫಿ ಕೊಡ್ತಾ ಮೆತ್ತಗೆ ಕೇಳಿದ್ಲು, "ಮಾವ, ನೀವು ಕೂತಾಗ ಮಾತ್ರ ಹೋಗ್ತಿತ್ತು, ಅಲ್ವಾ?"

"ಕಾಫಿ ಚೆನ್ನಾಗಿದೆ ಕಣಮ್ಮ" ಅಂದೆ.

ಮಾರನೇ ವರ್ಷ ಆ ಹುಡುಗಿ ಚಿಕ್ಕಪ್ಪನ ಮಗಳಿಗೆ ಚಿಕ್ಕಬಳ್ಳಾಪುರದ ಕಡೆ ಸಂಬಂಧ ಕುದುರಿತು. ಶಾಸ್ತ್ರಕ್ಕೆ ನಾವೂ ಹೋಗಿದ್ವಿ. ಡಬ್ಬಿ ಇರಲಿಲ್ಲ, ನಿಜವಾದ ವಾಲಗದೋರೇ ಬಂದಿದ್ರು. ತಾಂಬೂಲ ಎತ್ತಿದ ತಕ್ಷಣ ಜಂಗಮಕೋಟೆಯೋರೆಲ್ಲ ಸರಕ್ಕಂತ ಎದ್ದು ಕೈ ಮುಗಿದ್ರು. ಹೊಸ ಬೀಗರು ಗಾಬರಿಯಾಗಿ ಅವರೂ ಎದ್ರು. "ಇದೇನಿದು?" ಅಂತ ಅವರು ಕೇಳಿದ್ದಕ್ಕೆ ನಮ್ಮಕ್ಕನೇ ಮುಂದೆ ಬಂದು, "ಹಿಂದಿನ ಕಾಲದಿಂದ ಬಂದಿದ್ದು, ಬಿಡೋಕಾಗಲ್ಲ" ಅಂದ್ಲು.

ಅವತ್ತು ಇಡೀ ಮನೇಲಿ ಕೂತಿದ್ದೋರು ಅಂದ್ರೆ ವಾಲಗದೋರು ಮಾತ್ರ.