ಫ್ರಿಜ್ಜಿಗೆ ಜ್ವರ ನೋಡುವ ಭಾವ

ನಮ್ಮ ಭಾವನ ಕೈಗೆ ಮನೆಯ ಬೀಗದ ಕೈ ಕೊಡಬಹುದು, ಐಸ್‌ಕ್ರೀಮ್ ಮಾತ್ರ ಕೊಡಬಾರದು! ಜೇಬಿನಿಂದ ಸಾಸಿವೆ ಕಾಳಿನಷ್ಟು ದಪ್ಪದ, ಚಳಿ ಅಳೆಯುವ ಡಯೋಡ್ ತೆಗೆದು, ಕೂದಲೆಳೆಯಂಥ ತಂತಿ ಸಮೇತ ಅದರೊಳಗೆ ತೂರಿಸಿ, ಮೀಟರ್ ನೋಡುತ್ತಾ ಕೂರುತ್ತಾರೆ. ನೋಡಿ ಮುಗಿಸುವಷ್ಟರಲ್ಲಿ ಅದು ಪಾಯಸ. ಫ್ರೇಜರ್ ಟೌನಿನ ಅಂಗಡಿಯವನು ಒಮ್ಮೆ ಕೇಳಿಯೇಬಿಟ್ಟ: "ಕ್ಯಾ ಸಾಬ್, ತಿನ್ನೋಕಾ, ಟೆಸ್ಟಿಂಗಾ?"

ಇವರು ಅಕ್ಕನ ಗಂಡ. ಪ್ರಯೋಗಾಲಯದಲ್ಲಿ ದ್ರವ ಸಾರಜನಕದ ಚಳಿ ಅಳೆಯುವುದೇ ಕೆಲಸ. ಮಂಜುಗಡ್ಡೆ ಎಂದರೆ ಅವರಿಗೆ ಬೇಸಿಗೆ! ಇನ್ನು ಕೆಳಗಿಳಿಯಲಾಗದ ಚಳಿಯೇ ಅವರ ಸೊನ್ನೆ, ಎಣಿಕೆಯೆಲ್ಲ ಅಲ್ಲಿಂದಲೇ. ನನ್ನ ಮಗಳಿಗೆ ಜ್ವರ ಬಂದಾಗ "ಮುನ್ನೂರ ಹನ್ನೆರಡು" ಅಂದುಬಿಟ್ಟರು. ಪಕ್ಕದ ಮನೆಯ ತಮಿಳು ಆಂಟಿ "ಅಯ್ಯೋ ಕಡವುಳೇ!" ಅಂತ ಆಟೋ ಕರೆಯಲು ಓಡಿದರು.

ಆಗಿನ್ನೂ ತೊಂಬತ್ತರ ದಶಕ. ಜೀವನ್ ಬಿಮಾ ನಗರದ ನಮ್ಮ ಮನೆಯಲ್ಲಿ ಅಮ್ಮನೂ ಇದ್ದಳು, ಅವಳ ಇನ್ಸುಲಿನ್ನೂ ಇತ್ತು. ನಮ್ಮ ಹಳೇ ಫ್ರಿಜ್ಜೋ, ಒಂದು ದಿನ ಮೊಸರನ್ನು ಕಲ್ಲು ಮಾಡುತ್ತಿತ್ತು, ಕರೆಂಟ್ ಹೋದ ದಿನ ಹುಳಿ ಮಾಡುತ್ತಿತ್ತು. ಇನ್ಸುಲಿನ್ ಹೆಪ್ಪುಗಟ್ಟಿದರೂ ಕೆಟ್ಟಿತು, ಬಿಸಿಯಾದರೂ ಕೆಟ್ಟಿತು. ಭಾವ ಬಿಟ್ಟಾರೆಯೇ? ಬಾಟಲಿಗೆ ಡಯೋಡ್ ಅಂಟಿಸಿ, ತಂತಿಯನ್ನು ಬಾಗಿಲ ರಬ್ಬರಿನ ಸಂದಿಯಿಂದ ಹೊರಗೆಳೆದರು. ಪ್ರತಿ ಭಾನುವಾರ ಬಂದು ಪರೀಕ್ಷೆ.

"ಚಳಿ ಹೆಚ್ಚಿದಷ್ಟೂ ಇದರ ವೋಲ್ಟೇಜ್ ಏರುತ್ತೆ, ಅತ್ತೆ."

"ನಿಮ್ಮ ಮಾವನೂ ಹಾಗೇ ಇದ್ರು, ಅಳಿಯಂದ್ರೇ. ಚಳಿ ಬಿತ್ತು ಅಂದ್ರೆ ಗೊಣಗಾಟ ಏರ್ತಿತ್ತು."

ಒಂದು ಭಾನುವಾರ ಅಮ್ಮ ಎಂದಿನಂತೆ ಊಟಕ್ಕೆ ಮುಂಚಿನ ಇಂಜೆಕ್ಷನ್ ತಗೊಂಡಳು. ಅರ್ಧ ಗಂಟೆಯೊಳಗೆ ಉಣ್ಣಲೇಬೇಕು, ಇಲ್ಲದಿದ್ದರೆ ರಕ್ತದ ಸಕ್ಕರೆ ಇಳಿದುಬಿಡುತ್ತದೆ. ಎಲೆ ಹಾಕಿದ್ದೆ. ಭಾವನ ತಲೆ ಮಾತ್ರ ಫ್ರಿಜ್ಜಿನೊಳಗೆ!

"ಒಂದ್ನಿಮಿಷ, ರೀಡಿಂಗ್ ನಿಲ್ತಾ ಇಲ್ಲ!"

"ಬಾಗಿಲು ತೆಗೆದಿಟ್ಕೊಂಡು ನೋಡಿದ್ರೆ ಹೇಗ್ರೀ ನಿಲ್ಲುತ್ತೆ?" ಅಂದಳು ಅಕ್ಕ.

"ನೀನು ಶುರು ಮಾಡಮ್ಮ," ಅಂದೆ ನಾನು.

"ಅಳಿಯ ಎಲೆ ಮುಂದೆ ಕೂರದೆ ನಾನು ತುತ್ತು ಎತ್ತೋದಾ? ಚೆನ್ನಾಗಿರಲ್ಲ ಕಣೆ."

ಯಾರು ಗೆಲ್ಲುತ್ತಾರೆ ಅಮ್ಮನೆದುರು? ಆರಿದ ಸಾರನ್ನು ಮತ್ತೆ ಬಿಸಿ ಮಾಡಿ ತರುವಷ್ಟರಲ್ಲಿ ಅವಳು ಕುರ್ಚಿಯಲ್ಲೇ ವಾಲಿದ್ದಳು. ಮೈಯೆಲ್ಲ ಬೆವರು, ಕೈ ನಡುಗುತ್ತಿತ್ತು. ನಾನು ಗುಟುಕು ಗುಟುಕಾಗಿ ಸಕ್ಕರೆ ನೀರು ಕುಡಿಸಿದೆ. ಭಾವ ಓಡಿ ಬಂದರು. ಮೀಟರ್ ಎಲ್ಲಿ ಬಿತ್ತೋ, ಫ್ರಿಜ್ಜಿನ ಬಾಗಿಲು ಹಾರು ಹೊಡೆದೇ ಇತ್ತು. ನೆಲದ ಮೇಲೆ ಕೂತು, ಅಮ್ಮನ ಪಾದಗಳನ್ನು ಅಂಗೈಗಳ ನಡುವೆ ಹಿಡಿದು ಉಜ್ಜತೊಡಗಿದರು.

ಸ್ವಲ್ಪ ಹೊತ್ತಿಗೆ ಅಮ್ಮ ಚೇತರಿಸಿಕೊಂಡು ಕೆಳಗೆ ನೋಡಿದಳು. "ಎಷ್ಟಿದೆ, ಅಳಿಯಂದ್ರೇ?"

ಜಗತ್ತಿನ ಚಳಿಗೆಲ್ಲ ಲೆಕ್ಕ ಹೇಳುವ ಮನುಷ್ಯ ಮೀಟರಿನ ಕಡೆ ತಿರುಗಿಯೂ ನೋಡಲಿಲ್ಲ.

"ತಣ್ಣಗಿದೆ, ಅತ್ತೆ," ಅಂದರು. ಪಾದ ಮಾತ್ರ ಬಿಡಲಿಲ್ಲ.